ಗುಂಡಕ್ಕ ಕಂಡ ಕಡಲ ತಳ

ಗುಂಡಕ್ಕ ಎಂಬ ಹೆಸರು ಕೇಳಿ ಹುಡುಕಿಕೊಂಡು ಬಂದವರೆಲ್ಲ ಮೊದಲು ತಬ್ಬಿಬ್ಬಾಗುತ್ತಿದ್ದರು. ದುಂಡಗೆ, ತೂಕವಾಗಿರುವ ಹೆಂಗಸೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದರೆ, ಎದುರಿಗೆ ನಿಲ್ಲುತ್ತಿದ್ದವಳು ಜೋರು ಗಾಳಿಗೆ ಹಾರಿಹೋದಾಳು ಎನ್ನುವಂಥ ಕಡ್ಡಿಮೈಯವಳು. "ಗುಂಡು ನಾನಲ್ಲ, ಇದು," ಎಂದು ಆಕೆ ಗೇಣುದ್ದದ ಸೀಸದ ಗುಂಡನ್ನು ಎತ್ತಿ ಅವರ ಕೈಗೆ ಕೊಡುತ್ತಿದ್ದಳು. ಕೊಟ್ಟ ಮರುಗಳಿಗೆಯೇ ಅವರ ಕೈ ಮಂಡಿಯವರೆಗೆ ಜಗ್ಗುತ್ತಿತ್ತು. ಅದನ್ನು ನೋಡಿ ನಗುವುದು ಅವಳಿಗೆ ಎಂದೂ ಬೇಜಾರಾಗದ ಆಟ.

ಬಂದರಿನ ನೀರಿನ ಆಳ ಅಳೆಯುವುದು ಅವಳ ಕೆಲಸ. ದಿನಾ ಬೆಳಗಾಗುತ್ತಲೇ ಅಣ್ಣ ದೋಣಿಗೆ ಹುಟ್ಟು ಹಾಕುವನು. ತಂಗಿ ಮುಂಭಾಗದಲ್ಲಿ ನಿಂತು ಗುಂಡನ್ನು ಬೀಸಿ ಎಸೆಯುವಳು. ಎರಡು ಕೈ ಚಾಚಿದಷ್ಟು ಉದ್ದ ಒಂದು ಮಾರು; ಗುಂಡಿಗೆ ಕಟ್ಟಿದ ಹಗ್ಗದಲ್ಲಿ ಮಾರಿಗೊಂದು ಗುರುತು. ಎರಡು ಮಾರಿಗೆ ಚರ್ಮದ ಪಟ್ಟಿ, ಮೂರಕ್ಕೆ ಕೆಂಪು ಬಟ್ಟೆ, ಐದಕ್ಕೆ ಬಿಳಿ ದಾರದ ಗಂಟು. ಕತ್ತಲಿದ್ದರೂ ಮುಟ್ಟಿ ಹೇಳಬಹುದು. ಗುಂಡಿನ ತಳದಲ್ಲಿ ಒಂದು ಕುಳಿ, ಕುಳಿಯಲ್ಲಿ ಮೆತ್ತನೆಯ ಮೇಣ. ಮೇಲೆ ಎಳೆದಾಗ ಮೇಣಕ್ಕೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ, ಕೆಳಗಿರುವುದು ಮರಳೋ ಕೆಸರೋ ಚಿಪ್ಪೋ ಎಂದು ತಿಳಿಯುವುದು. ಮೇಣಕ್ಕೆ ಏನೂ ಅಂಟದೆ ಬರೀ ತರಚಿದ ಗುರುತು ಬಿದ್ದಿದ್ದರೆ ಕೆಳಗೆ ಬಂಡೆ. ಇವಳು ಕೂಗಿ ಹೇಳಿದ ಆಳ ಬಂದರು ಕಚೇರಿಯ ಮುಂದಿನ ಕಪ್ಪು ಹಲಗೆಯ ಮೇಲೆ ಏರಿದ ಮೇಲೆಯೇ ಹಡಗುಗಳ ಲಂಗರು ಏಳುತ್ತಿದ್ದದ್ದು.

ಆಗ ಆ ಬಂದರು ಹೇಗಿತ್ತೆಂದರೆ, ಸರಕು ಇಳಿಸುವ ಧಕ್ಕೆಯಲ್ಲಿ ಜಾಗ ಸಿಗದೆ ಹಡಗುಗಳು ಹೊರಗೆ ಮೂರು ಮೂರು ದಿನ ಕಾಯುತ್ತಿದ್ದವು. ಗೋದಾಮಿನ ಬೀದಿಯಲ್ಲಿ ಮೂಟೆ ಹೊತ್ತವರ ಸಾಲಿನ ನಡುವೆ ನುಸುಳಿ ಆಚೆ ದಾಟುವುದೇ ಒಂದು ಸಾಹಸ. ಒಂದೇ ಬೀದಿಯಲ್ಲಿ ಏಳು ಭಾಷೆಯಲ್ಲಿ ಬೈಸಿಕೊಳ್ಳಬಹುದಿತ್ತು. ಹಾಯಿ ಹೊಲಿಯುವವರು, ಪೀಪಾಯಿ ಕಟ್ಟುವವರು, ಸುಂಕದ ಗುಮಾಸ್ತರು, ಹಡಗಿಗೆ ನೀರು ತುಂಬುವವರು, ಎಲ್ಲರೂ ಕೂಗಿಕೊಂಡೇ ಮಾತಾಡುವವರು. ಮನೆಯಲ್ಲಿ ಮಗುವನ್ನು ಮಲಗಿಸುವಾಗಲೂ ಆ ಊರಿನವರ ದನಿ ತಗ್ಗುತ್ತಿರಲಿಲ್ಲ.

ಈ ಕೆಲಸ ಮೊದಲು ಅವಳ ಅಪ್ಪನದಾಗಿತ್ತು. ಅವಳಿಗೆ ಹತ್ತೊಂಬತ್ತು ವರ್ಷವಿದ್ದಾಗ ಬಂದ ಬಿರುಗಾಳಿ ಎರಡು ದಿನ ಊರನ್ನು ಒನಕೆಯಲ್ಲಿ ಕುಟ್ಟಿದಂತೆ ಕುಟ್ಟಿತು. ಅಲೆ ತಡೆಯುವ ಕಲ್ಲುಗೋಡೆ ಅರ್ಧ ಕುಸಿಯಿತು, ಗೋದಾಮುಗಳ ಸೂರು ಹಾರಿ ಬೇರೆ ಬೀದಿಯಲ್ಲಿ ಬಿತ್ತು, ಅಪ್ಪನ ಭುಜದ ಮೇಲೆ ತೊಲೆಯೊಂದು ಉರುಳಿ ಬಲಗೈ ಜನ್ಮಕ್ಕೆ ಮೇಲೆ ಏಳದಂತಾಯಿತು. ಗಾಳಿ ನಿಂತ ಬೆಳಿಗ್ಗೆ ಒಳಗಿದ್ದ ಹಡಗುಗಳು ಹೊರಡಬೇಕು. ಗೋಡೆಯ ಕಲ್ಲು ಎಲ್ಲಿ ಉರುಳಿದೆಯೋ, ಮರಳು ಎಲ್ಲಿ ಗುಡ್ಡೆ ಬಿದ್ದಿದೆಯೋ ಯಾರಿಗೂ ತಿಳಿಯದು. ಗುಂಡು ಎತ್ತಿಕೊಂಡು ದೋಣಿಗಿಳಿದವಳು ಇವಳು. ಅಂದಿನ ಬಂದರು ಅಧಿಕಾರಿ ಹುಬ್ಬು ಗಂಟಿಕ್ಕಿದಾಗ ಚಾಪೆಯ ಮೇಲೆ ಮಲಗಿದ್ದ ಅಪ್ಪ, "ಗಂಡೋ ಹೆಣ್ಣೋ ಅಂತ ನೀರು ಕೇಳಲ್ಲ ಸಾಹೇಬರೇ, ಕೇಳೋರು ನೀವೊಬ್ಬರೇ," ಎಂದ. ಸಂಜೆಯೊಳಗೆ ಅವಳು ಹದಿನಾಲ್ಕು ಹಡಗಿಗೆ ದಾರಿ ತೋರಿಸಿದ್ದಳು. ಮಾರನೆಯ ದಿನದಿಂದ ಯಾರೂ ಹುಬ್ಬು ಗಂಟಿಕ್ಕಲಿಲ್ಲ. ಊರು ಸೂರು ಹೊದಿಸಿಕೊಂಡು, ಗೋಡೆ ಕಟ್ಟಿಕೊಂಡು, ಎರಡೇ ವರ್ಷದಲ್ಲಿ ಮತ್ತೆ ಕೂಗಾಡತೊಡಗಿತು.

ಅವಳು ಮದುವೆಯಾದದ್ದು ಹಗ್ಗ ಹೊಸೆಯುವವನನ್ನು. ಗುಡ್ಡದ ಮೇಲಿನ ಉದ್ದನೆಯ ಚಪ್ಪರದಲ್ಲಿ ಹಿಂದು ಹಿಂದಕ್ಕೆ ನಡೆಯುತ್ತಾ ನಾರು ಹುರಿಗೊಳಿಸುವುದು ಅವನ ಕಸುಬು. "ದಿನಕ್ಕೆ ನಾಲ್ಕು ಹರದಾರಿ ನಡೀತೀನಿ, ಒಂದು ಹೆಜ್ಜೆನೂ ಮುಂದೆ ಹೋಗಲ್ಲ," ಎನ್ನುತ್ತಿದ್ದ. ಬಾಯಿ ಮುಚ್ಚದ ಗಂಡ, ಬಾಯಿ ಬಿಡದ ಅಣ್ಣ. ಇಬ್ಬರ ನಡುವೆ ಅವಳಿಗೆ ಜೀವನ ಸರಿದೂಗಿತ್ತು.

ದೋಣಿಯಲ್ಲಿ ಅಣ್ಣ ತಂಗಿ ಇಬ್ಬರೇ ಇರುವಾಗ ಅವಳು ಕಾಣದ ತಳಕ್ಕೆ ಹೆಸರಿಡುತ್ತಿದ್ದಳು. ಉತ್ತರದ ದಂಡೆಯ ಉದ್ದಕ್ಕೂ ಮೇಣ ತುಂಬಿ ಬರುವ ನುಣುಪು ಕೆಸರಿಗೆ ಬೆಣ್ಣೆಹಾಸು. ನಡುವಿನ ಬಂಡೆಸಾಲಿಗೆ ಗರಗಸ. ದಕ್ಷಿಣದ ಬಿಳಿ ಮರಳಿಗೆ ಸಕ್ಕರೆಗುಡ್ಡೆ. ಹದಿನೈದು ವರ್ಷ ಅವಳು ಆ ನೆಲವನ್ನು ಹಗ್ಗದ ತುದಿಯಿಂದ ತಡವಿದಳು. ಕಣ್ಣಿಂದ ನೋಡಿದವರು ಯಾರೂ ಇರಲಿಲ್ಲ. "ಒಂದೇ ಒಂದು ಸಲ ನೀರು ಅತ್ತ ಸರಿದು ದಾರಿ ಬಿಟ್ಟರೆ ಇಳಿದು ನೋಡಿ ಬರ್ತಿದ್ದೆ ಅಣ್ಣ," ಎನ್ನುತ್ತಿದ್ದಳು. ಅಣ್ಣ ಹುಟ್ಟು ಹಾಕುತ್ತಿದ್ದ.

ಅವಳ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ನೀರು ನಿಜಕ್ಕೂ ಸರಿಯಿತು.

ಅಂದು ಇಬ್ಬರೂ ಬಂದರಿನ ಬಾಯಿ ದಾಟಿ, ಹೊರಗಿನ ಆಳದಲ್ಲಿದ್ದರು. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಹಿಡಿದ ಹಗ್ಗ ಅವಳ ಬೆರಳ ನಡುವೆ ತಂತಿಯಂತೆ ನಡುಗಿತು. ಸುತ್ತಲಿನ ನೀರು ಕುದಿಯುವ ಪಾತ್ರೆಯಂತೆ ಪುಟಿಯಿತು. ತಿರುಗಿ ನೋಡಿದರೆ ಊರಿನ ಮೇಲೆ ದೂಳಿನ ಮೋಡ, ಗಡಿಯಾರದ ಗೋಪುರ ಇದ್ದ ಜಾಗದಲ್ಲಿ ಬರೀ ಆಕಾಶ. ಭೂಮಿ ನಡುಗಿತ್ತು. ಆಮೇಲೆ ಬಂದರಿನ ನೀರೆಲ್ಲ ಯಾರೋ ಬಿರಡೆ ತೆಗೆದಂತೆ ಹೊರಗೆ ಹರಿದು ಬಂತು. ಹಿಂದೆಯೇ ಒಂದು ಅಲೆ. ಆಳದಲ್ಲಿದ್ದ ದೋಣಿಯನ್ನು ಅದು ಮೆಲ್ಲಗೆ ಎತ್ತಿ ಇಳಿಸಿತು, ಅಷ್ಟೆ. ಆದರೆ ದಡ ಮುಟ್ಟುವಷ್ಟರಲ್ಲಿ ಗೋಡೆಯಂತೆ ಎದ್ದು ನಿಂತಿತ್ತು.

ಮೂರು ದಿನ ಅವರು ಊರಿನವರೊಡನೆ ಕಲ್ಲು ಮಣ್ಣು ಎತ್ತಿದರು. ಅಪ್ಪ ಅದಕ್ಕೆ ಮೊದಲೇ ತೀರಿಕೊಂಡಿದ್ದ. ಗಂಡ ಗುಡ್ಡದ ಮೇಲಿದ್ದದ್ದರಿಂದ ಉಳಿದಿದ್ದ. ಅತ್ತಿಗೆ ಸೂರಿನ ಮೇಲೆ ಹತ್ತಿ ಇಬ್ಬರು ಮಕ್ಕಳ ಜುಟ್ಟು ಹಿಡಿದು ಉಳಿಸಿಕೊಂಡಿದ್ದಳು. ಗೋದಾಮಿನ ಬೀದಿಯಲ್ಲಿ ಉಳಿದವರು ಕಡಿಮೆ. ಬಂದರು ಕಚೇರಿಯಂತೂ ಹಲಗೆ, ಕಡತಗಳ ಸಮೇತ ಕೊಚ್ಚಿಹೋಗಿತ್ತು. ಆ ಮೂರು ದಿನದ ಮಾತನ್ನು ಗುಂಡಕ್ಕ ಮುಂದೆ ಎಂದೂ ಆಡಲಿಲ್ಲ. ಕೇಳಿದವರಿಗೆ, "ಎತ್ತಿದ್ವಿ, ಮಣ್ಣು ಮಾಡಿದ್ವಿ," ಎಂದಷ್ಟೇ ಹೇಳಿ ಎದ್ದುಬಿಡುತ್ತಿದ್ದಳು.

ನಾಲ್ಕನೆಯ ಬೆಳಿಗ್ಗೆ ಕೈಕಾಲು ತೊಳೆಯಲೆಂದು ಧಕ್ಕೆಗೆ ಬಂದವಳು ನಿಂತಲ್ಲೇ ನಿಂತಳು. ಉಬ್ಬರದ ಹೊತ್ತು. ಆದರೂ ನೀರು ಬಂದಿರಲಿಲ್ಲ. ನೆಲವೇ ಎರಡು ಮಾರು ಮೇಲಕ್ಕೆ ಎದ್ದಿತ್ತು. ಬಂದರಿನ ನಡುವೆ ಒಂದು ಮಡು, ಮಡುವಿನಲ್ಲಿ ಅಲೆಗೆ ಹೇಗೋ ಉಳಿದುಕೊಂಡ ಐದು ಹಡಗು, ಸುತ್ತಲೂ ಬಿಸಿಲಿಗೆ ಹೊಳೆಯುವ ಕಡಲ ತಳ.

ಅವಳು ಚಪ್ಪಲಿ ಬಿಟ್ಟು ಧಕ್ಕೆಯ ಏಣಿಯಲ್ಲಿ ಇಳಿದಳು. ಹತ್ತು ಹೆಜ್ಜೆಗೆ ಚಿಪ್ಪಿನ ಮರಳು ಕಾಲಿಗೆ ಸಿಕ್ಕಿತು. ಚಿಪ್ಪಿನ ಮರಳೇ ಇರಬೇಕಿತ್ತು, ಇತ್ತು. ಅಲ್ಲಿಂದ ಎಡಕ್ಕೆ ತಿರುಗಿದರೆ ಸಣ್ಣ ಕಲ್ಲಿನ ಹಾಸು ಬರಬೇಕು, ಬಂತು. ಅವಳು ಓಡತೊಡಗಿದಳು. ಗರಗಸದ ಬಂಡೆಗಳು ಒಂದರ ಹಿಂದೊಂದು ಹಲ್ಲುಹಲ್ಲಾಗಿ ನಿಂತಿದ್ದವು, ಅವಳು ಎಣಿಸಿದ್ದಕ್ಕಿಂತ ಎತ್ತರವಾಗಿ, ಹಸುರು ಪಾಚಿಯ ರೋಮ ಹೊತ್ತು. ಅವಳು ಒಂದೊಂದನ್ನೂ ತಟ್ಟಿದಳು. ಬೆಣ್ಣೆಹಾಸಿಗೆ ಕಾಲಿಟ್ಟರೆ ಮೊಣಕಾಲವರೆಗೂ ಹೂತುಹೋಯಿತು. ಹೂತುಕೊಂಡೇ ಅವಳು ಗಟ್ಟಿಯಾಗಿ ನಕ್ಕಳು.

ನಗು ತನ್ನ ಕಿವಿಗೇ ಬಿದ್ದಾಗ ಬಾಯಿ ಮುಚ್ಚಿಕೊಂಡಳು. ಹಿಂದೆ ಬಂದಿದ್ದ ಅಣ್ಣ ದಡದಲ್ಲಿ ನಿಂತು ನೋಡುತ್ತಿದ್ದ. ಊರಲ್ಲಿ ಇನ್ನೂ ಹೊಗೆಯಾಡುತ್ತಿತ್ತು.

"ಅಣ್ಣ, ನಾನೆಂಥ ಪಾಪಿ, ಇಂಥ ಹೊತ್ತಲ್ಲಿ ನಗು ಬಂತು," ಎಂದಳು.

ಅಣ್ಣ ಬಂಡೆಸಾಲಿನ ಕಡೆ ಕಣ್ಣಾಡಿಸಿ, "ನೀನು ಹೇಳ್ತಿದ್ದ ಹಾಗೇ ಇದೆ. ಎಲ್ಲ," ಎಂದ. ಆಮೇಲೆ ಅವನೂ ಚಪ್ಪಲಿ ಬಿಟ್ಟು ಇಳಿದ.

ಮಧ್ಯಾಹ್ನ ಸುಂಕದ ಕಟ್ಟೆಯ ಮೇಲೆ ಸಭೆ ಸೇರಿತು. ಐದು ಹಡಗಿನವರೂ ಬಂದಿದ್ದರು. ಅವರಲ್ಲಿ ಎಲ್ಲಕ್ಕಿಂತ ದೊಡ್ಡ ಹಡಗಿನ ಗಡ್ಡದ ಕಪ್ತಾನ ಹಿರಿಯ. ಹೊಸ ಬಂದರು ಸಾಹೇಬರು, ಅಂಗಿಯ ತೋಳು ಹರಿದು ಮೂರು ದಿನದಿಂದ ನಿದ್ದೆಯಿಲ್ಲದವರು, ನಕ್ಷೆ ಹರಡಿಕೊಂಡು ಕೂತಿದ್ದರು. ಗುಡ್ಡದ ಮೇಲಿನ ಅವರ ಮನೆಯಲ್ಲಿ ಉಳಿದಿದ್ದ ನಕ್ಷೆ ಅದೊಂದೇ.

"ಬಂಡೆಸಾಲಿನ ಪಕ್ಕದ ನಡುದಾರೀನೇ ಮೊದಲಿನಿಂದ ಆಳ. ಅದನ್ನೇ ಅಗೆಸೋಣ," ಎಂದರು.

"ಅಗೆಯೋದಕ್ಕೆ ಮಣ್ಣಿದ್ದರೆ ತಾನೇ ಸಾಹೇಬರೇ," ಎಂದಳು ಗುಂಡಕ್ಕ. "ಆ ದಾರಿಯ ತಳಾನೂ ಬಂಡೆ. ಬೆಳಿಗ್ಗೆ ಕಾಲಲ್ಲಿ ಮುಟ್ಟಿ ಬಂದೆ. ನಿಮ್ಮ ನಕ್ಷೆ ಹೋದ ವಾರದ ಸಮುದ್ರದ್ದು."

ಯಾರೋ ಕಿಸಕ್ಕೆಂದರು. ಸಾಹೇಬರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಹಾಗಾದರೆ ಏನು ಮಾಡಬೇಕು ಅಂತೀಯಮ್ಮ?"

ಅವಳು ಕಟ್ಟೆಯ ದೂಳಿನ ಮೇಲೆ ಬೆರಳಿನಿಂದ ಗೀಚಿ ತೋರಿಸಿದಳು. ಬಂದರಿಗೆ ಬಂದು ಸೇರುತ್ತಿದ್ದ ನದಿ ಈಗ ದಕ್ಷಿಣದ ಮರಳಿನ ಮೇಲೆ ಅಗಲವಾಗಿ ಹರಡಿಕೊಂಡು, ಪಾದ ಮುಳುಗುವಷ್ಟು ತೆಳ್ಳಗೆ ಹೋಗುತ್ತಿತ್ತು. ಅಲ್ಲಿ ಒಡ್ಡು ಹಾಕಿ ಅದನ್ನು ಮಡುವಿಗೆ ತಿರುಗಿಸಬೇಕು. ಮಡುವಿನಿಂದ ಉತ್ತರಕ್ಕೆ ಬೆಣ್ಣೆಹಾಸಿನ ಉದ್ದಕ್ಕೂ, ಸಮುದ್ರದವರೆಗೆ, ಒಂದು ಕಾಲುವೆ ಗೀರಬೇಕು. ಮೂರು ಮೊಳ ಅಗಲ ಸಾಕು. "ನಾವು ದಾರಿ ತೋರಿಸಿದರೆ ಸಾಕು, ಉಳಿದದ್ದನ್ನ ನೀರೇ ಅಗೆಯುತ್ತೆ. ಅಲ್ಲಿ ನಾಲ್ಕು ಮಾರಿನವರೆಗೂ ಕೆಸರು ಬಿಟ್ಟರೆ ಬೇರೇನೂ ಇಲ್ಲ."

"ಕೆಳಗೆ ಬಂಡೆ ಸಿಕ್ಕಿದರೆ?" ಕಪ್ತಾನ ಕೇಳಿದ.

"ಹದಿನೈದು ವರ್ಷದಲ್ಲಿ ನನ್ನ ಗುಂಡಿಗಾಗಲಿ, ಅಲ್ಲಿ ಹೂತ ಲಂಗರಿಗಾಗಲಿ ಒಂದು ದಿನಾನೂ ಸಿಕ್ಕಿಲ್ಲ."

ಕಪ್ತಾನ ಗಡ್ಡ ನೀವಿಕೊಂಡ. ಇಲ್ಲೇ ನಿಂತರೆ ಹಡಗುಗಳನ್ನು ಒಡೆದು ಸೌದೆ ಮಾಡುವುದೊಂದೇ ದಾರಿ ಎಂದು ಅವನಿಗೆ ಗೊತ್ತಿತ್ತು. "ಇವತ್ತಿಂದ ಹನ್ನೊಂದನೇ ದಿನ ಅಮಾವಾಸ್ಯೆ, ದೊಡ್ಡ ಉಬ್ಬರ," ಎಂದ. "ನನ್ನ ನಾವಿಕರು ಎಪ್ಪತ್ತು ಜನ. ಸಲಿಕೆ ಎಲ್ಲಿವೆ ಹೇಳು."

ಸಲಿಕೆ ಇದ್ದದ್ದು ಮೂವತ್ತೇ. ಉಳಿದವರು ಮುರಿದ ಹುಟ್ಟು, ಬಾಗಿಲ ಹಲಗೆ, ತಾಮ್ರದ ತಟ್ಟೆ, ಸಿಕ್ಕಿದ್ದನ್ನು ಹಿಡಿದು ಬಂದರು. ನೆನೆದು ಹಾಳಾದ ಧಾನ್ಯದ ಮೂಟೆಗಳೇ ಒಡ್ಡಾದವು. ಹಗ್ಗದವನು ಚಪ್ಪರದಲ್ಲಿದ್ದ ಹಗ್ಗವನ್ನೆಲ್ಲ ಇಳಿಸಿ, ಮೂಟೆಗಳನ್ನು ಬಲೆಯಂತೆ ಹೆಣೆದು ಕಟ್ಟಿದ. ಕಟ್ಟುತ್ತಾ ಕಟ್ಟುತ್ತಾ ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದ. ಮೂರು ದಿನ ಬಾಯಿ ಕಟ್ಟಿದ್ದ ಊರಿಗೆ ಮತ್ತೆ ದನಿ ಬಂತು. ಸತ್ತವರ ಮನೆಯ ಹೆಂಗಸರು ಕೂಡ ಸೆರಗು ಬಿಗಿದು ಸಾಲಿನಲ್ಲಿ ನಿಂತು ಮಣ್ಣಿನ ಬುಟ್ಟಿ ದಾಟಿಸಿದರು. ಮನೆಯಲ್ಲಿ ಕೂತರೆ ಗೋಡೆ ನೋಡಬೇಕಿತ್ತು. ಇಲ್ಲಿ ಮುಂದಿನ ಬುಟ್ಟಿ ನೋಡಿದರೆ ಸಾಕಿತ್ತು. ಗುಂಡಕ್ಕ ಕಾಲುವೆಯ ಈ ತುದಿಯಿಂದ ಆ ತುದಿಗೆ ಓಡುತ್ತಾ ಕೋಲು ಚುಚ್ಚಿ, "ಇಲ್ಲಿ ಇನ್ನೊಂದು ಮೊಳ, ಅಲ್ಲಿ ಸಾಕು," ಎನ್ನುತ್ತಿದ್ದಳು. ಮೈ ತುಂಬ ಕೆಸರು, ಕಣ್ಣು ಮಾತ್ರ ಬಿಳಿ.

ಏಳನೆಯ ದಿನ ಕೊನೆಯ ಮಣ್ಣುಗೋಡೆ ಒಡೆದರು. ನೀರು ಮೊದಲು ಸೋಮಾರಿಯಂತೆ ಬಂತು, ಕಾಲುವೆಯಲ್ಲಿ ಅರ್ಧ ದೂರ ಹೋಗಿ ಸುಳಿ ತಿರುಗಿ ನಿಂತಿತು. ಆಮೇಲೆ ದಂಡೆಯ ಒಂದು ಹೆಂಟೆ ಕಳಚಿ ಬಿತ್ತು. ಇನ್ನೊಂದು ಬಿತ್ತು. ಸ್ವಲ್ಪ ಹೊತ್ತಿಗೆ ಮಂಚದಷ್ಟು ದೊಡ್ಡ ತುಂಡುಗಳು ಧೊಪ್ ಧೊಪ್ಪೆಂದು ಕಳಚಿ, ಹಾಲು ಚಹಾದ ಬಣ್ಣಕ್ಕೆ ತಿರುಗಿದ ನೀರು ಮೊರೆಯುತ್ತಾ ಕಡಲಿಗೆ ಧುಮುಕಿತು. ಜನ ಹಿಂದಕ್ಕೆ ಓಡಿದರು. ಗುಂಡಕ್ಕ ಮುಂದಕ್ಕೆ ಓಡಿ ಗುಂಡು ಎಸೆದಳು.

"ಒಂದು ಮಾರು," ಎಂದು ಕೂಗಿದಳು. ಸಂಜೆಗೆ ಒಂದೂವರೆ. ಮಾರನೆಯ ದಿನ ಎರಡು. ಪ್ರತಿ ಸಲ ಅವಳು ಕೂಗಿದಾಗಲೂ ಆ ಮಾತು ಬಾಯಿಂದ ಬಾಯಿಗೆ ಗುಡ್ಡದವರೆಗೆ ಏರಿಹೋಗುತ್ತಿತ್ತು. ಹತ್ತನೆಯ ದಿನ ಸಾಹೇಬರು ಸುಟ್ಟ ಬಾಗಿಲೊಂದನ್ನು ನಿಲ್ಲಿಸಿ ಅದರ ಮೇಲೆ ಸುಣ್ಣದಲ್ಲಿ ತಾವೇ ಬರೆದರು: ಇಳಿತದಲ್ಲಿ ಎರಡೂಕಾಲು.

ಆ ಸಡಗರದ ನಡುವೆ ಒಂದು ವಿಷಯ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಹತ್ತನೆಯ ಸಂಜೆ ಅಣ್ಣನ ಮನೆಗೆ ಹೋದರೆ ಅತ್ತಿಗೆ ಹಾಸಿಗೆ ಸುತ್ತಿ ಕಟ್ಟುತ್ತಿದ್ದಳು.

"ಎಲ್ಲಿಗೆ ಅತ್ತಿಗೆ?"

"ದೊಡ್ಡ ಹಡಗಲ್ಲಿ ಜಾಗ ಕೊಟ್ಟಿದ್ದಾರೆ. ಅರ್ಧ ಊರೇ ಹೊರಟಿದೆ, ನಿನಗೆ ಗೊತ್ತಿಲ್ವಾ? ಬಂದರಿಲ್ಲದ ಊರಲ್ಲಿ ಹುಟ್ಟು ಹಾಕೋನಿಗೆ ಏನು ಕೆಲಸ ಹೇಳು."

ತಾನು ಹತ್ತು ದಿನ ಹಗಲೆಲ್ಲ ಓಡಿ ತೆಗೆಸಿದ್ದು ಹಡಗಿನ ದಾರಿ ಎಂದುಕೊಂಡಿದ್ದಳು. ಅದು ಊರೇ ಹೊರಟುಹೋಗುವ ದಾರಿ. ಅಣ್ಣನ ಮುಖ ನೋಡಿದಳು. ಅವನು ಗಂಟಿನ ಹಗ್ಗ ಬಿಗಿಯುತ್ತಾ ತಲೆ ಎತ್ತಲಿಲ್ಲ.

"ನಾಳೆ ಮೊದಲ ನಾಲ್ಕು ಹಡಗಿಗೆ ನಾನೇ ಹುಟ್ಟು ಹಾಕ್ತೀನಿ," ಎಂದ. "ಐದನೇದಕ್ಕೆ ಭಾವನ್ನ ಕರ್ಕೋ."

ಮಾರನೆಯ ದಿನ ಉಬ್ಬರ ಏರುತ್ತಿದ್ದಂತೆ ದೋಣಿ ಮುಂದೆ, ಹಡಗು ಹಿಂದೆ ಹೊರಟವು. ಗುಂಡು ಎಸೆದು, ಎಳೆದು, ಕೂಗಿ, ಮತ್ತೆ ಎಸೆದು, ಅವಳ ತೋಳಿಗೆ ದಣಿವೇ ತಿಳಿಯಲಿಲ್ಲ. "ಮೂರು. ಮೂರು. ಮೂರಕ್ಕೆ ಕಡಿಮೆ, ಎಡಕ್ಕೆ ತಗೊಳ್ಳಿ. ಮೂರು." ನಾಲ್ಕು ಹಡಗು ಒಂದರ ಹಿಂದೊಂದು ಕೆಸರುನೀರು ಸೀಳಿಕೊಂಡು ನೀಲಿ ನೀರಿಗೆ ಜಾರಿದವು. ಪ್ರತಿಯೊಂದು ದಾಟಿದಾಗಲೂ ದಡದಲ್ಲಿ ಹರ್ಷದ ಕೂಗು ಏಳುತ್ತಿತ್ತು, ಪ್ರತಿ ಸಲವೂ ಕೂಗುವವರು ಕಡಿಮೆಯಾಗುತ್ತಿದ್ದರು.

ದೊಡ್ಡ ಹಡಗಿಗೆ ಅಣ್ಣ ಹತ್ತಿದ. ಹಗ್ಗದವನು ದೋಣಿಗಿಳಿದು ಹುಟ್ಟು ಹಿಡಿದ. ಹುಟ್ಟಿದಾಗಿನಿಂದ ಹಿಂದಕ್ಕೇ ನಡೆದು ಅಭ್ಯಾಸವಾದವನಿಗೆ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುವುದೇನೋ ಸುಲಭವಾಯಿತು. ಆದರೆ ಎರಡು ಕೈಗೂ ಹೊಂದಾಣಿಕೆ ಬರಲೊಲ್ಲದು. ದೋಣಿ ಸುತ್ತಿ ಸುತ್ತಿ ಹೊರಟಿತು. "ಸಮುದ್ರ ಆ ಕಡೆ ಇದೆ ರೀ," ಎಂದಳು ಗುಂಡಕ್ಕ. ಹಡಗಿನ ಮೇಲಿದ್ದವರು ಅಳುವುದನ್ನು ಬಿಟ್ಟು ನಗತೊಡಗಿದರು.

ಆಗ ಹಡಗಿನ ಕಟಕಟೆಗೆ ಬಾಗಿ ಮೂಕನಂಥ ಅಣ್ಣ ಕೂಗತೊಡಗಿದ. "ಬಲಗೈ ಸಡಿಲ ಬಿಡಿ ಭಾವ. ಎಡಗೈ ಎಳೀರಿ. ಹಾಂ, ಈಗ ಎರಡೂ." ಕಾಲುವೆಯ ಉದ್ದಕ್ಕೂ ಅವನು ಕೂಗಿದ, ಇವಳೂ ಕೂಗಿದಳು, ಅವನು ಹುಟ್ಟಿನ ಲೆಕ್ಕ, ಇವಳು ನೀರಿನ ಲೆಕ್ಕ. ಕಾಲುವೆಯ ತಿರುವಿನಲ್ಲಿ ಹಡಗಿನ ಹೊಟ್ಟೆ ನೆಲ ತಾಗಿ ಜರ್‌ರೆಂದಿತು. "ಕೆಸರೇ, ನಿಲ್ಲಿಸಬೇಡಿ, ಹೊಡೀರಿ," ಎಂದು ಗುಂಡಕ್ಕ ಗಂಟಲು ಹರಿಯುವಂತೆ ಅರಚಿದಳು. ಕಪ್ತಾನ ಎಲ್ಲ ಹಾಯಿಯನ್ನೂ ಬಿಚ್ಚಿಸಿದ. ಹಡಗು ಒಮ್ಮೆ ನಡುಗಿ, ಬೆಣ್ಣೆಯೊಳಗಿನ ಚಾಕುವಿನಂತೆ ಹೊರಬಿತ್ತು.

ಗುಂಡಿಗೆ ನಾಲ್ಕು ಮಾರು ಸಿಕ್ಕಿತು, ಐದು ಸಿಕ್ಕಿತು, ಆಮೇಲೆ ಹಗ್ಗವೇ ಸಾಲದಾಯಿತು. ಹಡಗು ದೂರವಾಗುತ್ತಾ ಹೋಯಿತು. ಅಣ್ಣ ಇನ್ನೂ ಏನೋ ಕೂಗುತ್ತಲೇ ಇದ್ದ. ಹದಿನೈದು ವರ್ಷದಲ್ಲಿ ಆಡಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಆಡುತ್ತಿರುವಂತಿತ್ತು. ಗಾಳಿ ಆ ಕಡೆಗಿತ್ತು, ಮಾತು ಕೇಳಿಸಲಿಲ್ಲ. ಗುಂಡಕ್ಕ ಎರಡೂ ಕೈ ಎತ್ತಿ ಬೀಸಿದಳು. ಗಂಡ ಅವಳ ಸೊಂಟದ ಸೀರೆ ಹಿಡಿದುಕೊಂಡಿದ್ದ, ಎಲ್ಲಿ ನೀರಿಗೆ ಬಿದ್ದುಬಿಡುತ್ತಾಳೋ ಎಂದು. ದಡ ಸೇರುವಷ್ಟರಲ್ಲಿ ಅವನ ಅಂಗೈ ಸಿಪ್ಪೆ ಎದ್ದಿತ್ತು. "ನಾವೂ ಹೋಗಬಹುದಿತ್ತು," ಎಂದ ಮೆಲ್ಲಗೆ.

"ನೀವು ಹೊರಡಿ ಅಂದಿದ್ದರೆ ಹೊರಡ್ತಿದ್ದೆ."

"ನಿನ್ನ ಮುಖ ನೋಡಿದೆ ಕಣೆ, ಆ ಕೆಸರಲ್ಲಿ ನಿಂತಿದ್ದಾಗ. ಹೇಳೋಕೆ ಬಾಯಿ ಬರಲಿಲ್ಲ."

ಮುಂದಿನ ವರ್ಷ ಮೇಲಿನ ಸೀಮೆಯಲ್ಲಿ ಮಳೆ ಸುರಿದು ನದಿಗೆ ಮಹಾಪೂರ ಬಂತು. ಅದು ತಂದ ಹೂಳು ಕಾಲುವೆಯನ್ನೂ ಮಡುವನ್ನೂ ತುಂಬಿಬಿಟ್ಟಿತು. ಕಡಲು ಅರ್ಧ ಹರದಾರಿ ಆಚೆಗೆ ಹೋಯಿತು. ಬಂದರೆಂಬುದು ಅಲ್ಲಿಗೆ ಮುಗಿಯಿತು. ಸಾಹೇಬರು ಕೂಡ ಬೇರೆ ಊರಿಗೆ ವರ್ಗವಾಗಿ ಹೋದರು. ಹೋಗುವ ಮುನ್ನ ಅವರು ಗುಂಡಕ್ಕನನ್ನು ಎದುರಿಗೆ ಕೂರಿಸಿಕೊಂಡು, ಅವಳು ಹೇಳಿದ ತಳದ ಹೆಸರುಗಳನ್ನೆಲ್ಲ ಆ ಹಳೆಯ ನಕ್ಷೆಯ ಮೇಲೆ ಶಾಯಿಯಲ್ಲಿ ಬರೆದು, ನಕ್ಷೆಯನ್ನು ಅವಳಿಗೇ ಕೊಟ್ಟರು.

ಉಳಿದದ್ದು ಇನ್ನೂರು ಮನೆ. ಗುಡ್ಡದ ಇಳಿಜಾರು ನಡುಕದಲ್ಲಿ ಸಡಿಲಾಗಿತ್ತು, ಅಲ್ಲಿ ಕಟ್ಟುವಂತಿರಲಿಲ್ಲ. ಸಮತಟ್ಟಾದ ನೆಲವೆಂದರೆ ಬತ್ತಿದ ಬಂದರೇ. ಅಲೆ ಮತ್ತೆ ಬಂದರೆ ಎಂದು ಜನ ಹೆದರಿದರು. ಬಂಡೆಸಾಲಿನ ಮೇಲೆ ಕಟ್ಟಿದರೆ ಎತ್ತರವೂ ಹೌದು, ಗಟ್ಟಿಯೂ ಹೌದು ಎಂದು ಹೇಳಿದವಳು ಗುಂಡಕ್ಕ. ಅಲ್ಲಿಂದ ಶುರುವಾಯಿತು ಅವಳ ಎರಡನೆಯ ಕಸುಬು. ಮನೆಗೆ ಪಾಯ ಹಾಕುವವರು, ಬಾವಿ ತೋಡುವವರು, ಗಿಡ ನೆಡುವವರು, ಯಾರೇ ಆಗಲಿ ಮೊದಲು ಅವಳನ್ನು ಕರೆಯುತ್ತಿದ್ದರು. ಅವಳು ನಕ್ಷೆ ತರುತ್ತಲೇ ಇರಲಿಲ್ಲ. ಹೋಗಿ ನಿಂತು, ಕಾಲಿನ ಹೆಬ್ಬೆರಳಿಂದ ನೆಲ ಒತ್ತಿ ಹೇಳುವಳು. "ಇಲ್ಲಿ ತೋಡಬೇಡಿ, ಉಪ್ಪು ಬರುತ್ತೆ. ಮೂವತ್ತು ಹೆಜ್ಜೆ ಆಚೆ ಹಳೇ ನದಿಯ ಮರಳಿದೆ, ಅಲ್ಲಿ ತೋಡಿ." ಆ ಬಾವಿಯಲ್ಲಿ ಸಿಹಿ ನೀರು ಬಂದ ದಿನ ಅವಳು ಕುಡಿಯುವುದಕ್ಕೆ ಮೊದಲು ಎರಡು ಬೊಗಸೆ ತಲೆಯ ಮೇಲೆ ಸುರಿದುಕೊಂಡಳು. ಹಗ್ಗದವನು ಈಗ ಬಾವಿಯ ಹಗ್ಗ ಹೊಸೆದ, ದನದ ಹಗ್ಗ ಹೊಸೆದ. ಕೊನೆಯವರೆಗೂ ಬಾಯಿ ಮಾತ್ರ ಮುಚ್ಚಲಿಲ್ಲ.

ಅವಳಿಗೆ ಅರವತ್ತೆಂಟಾದಾಗ ಹೆದ್ದಾರಿ ಮಾಡಲು ಇಂಜಿನಿಯರೊಬ್ಬರು ಬಂದರು. ಗಂಡ ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಮೂರು ದಿನ ಅವಳನ್ನು ಕರೆದುಕೊಂಡು ನೆಲವೆಲ್ಲ ಸುತ್ತಿದ ಇಂಜಿನಿಯರರು ನಾಲ್ಕನೆಯ ದಿನ, "ಅಮ್ಮ, ನಿಮ್ಮನ್ನ ನಡೆಸಿ ನಡೆಸಿ ನನಗೇ ನಾಚಿಕೆಯಾಗ್ತಿದೆ, ಜೀಪಿಗೆ ಹತ್ತಿ," ಎಂದರು. ಅವಳು ಅದುವರೆಗೆ ಮೋಟಾರು ಗಾಡಿ ಹತ್ತಿದವಳಲ್ಲ. ಮುಂದಿನ ಸೀಟಿನಲ್ಲಿ ಕೂತು ಎರಡೂ ಕೈಯಲ್ಲಿ ಕಂಬಿ ಹಿಡಿದಳು. ಊರಿನ ಗಡಿಯವರೆಗೆ ಆಗಲೇ ಮಟ್ಟ ಮಾಡಿದ್ದ ಹೊಸ ಮಣ್ಣಿನ ಮೇಲೆ ಜೀಪು ಹೊರಟಿತು. ಮುದುಕಿಗೆ ಹೆದರಿಕೆಯಾದೀತೆಂದು ಡ್ರೈವರ್ ಎತ್ತಿನ ಗಾಡಿಯಂತೆ ಬಿಡುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ ಅವಳು ಅವನ ಕಡೆಗೆ ಬಾಗಿ, "ಏನಪ್ಪಾ, ಇದು ಇಷ್ಟೇನಾ ಓಡೋದು?" ಎಂದು ಕೇಳಿದಳು.

ಅವನು ಹಿಂದೆ ಕೂತಿದ್ದ ಇಂಜಿನಿಯರರ ಮುಖ ನೋಡಿದ. ಅವರು ತಲೆಯಾಡಿಸಿದರು. ಜೀಪು ದೂಳೆಬ್ಬಿಸಿಕೊಂಡು ಹಾರಿತು. ತಲೆಯ ಸೆರಗು ಜಾರಿ, ಬಿಳಿ ಕೂದಲು ಬಿಚ್ಚಿ ಬೆನ್ನ ಹಿಂದೆ ಹಾರುತ್ತಿದ್ದರೂ ಅವಳು ಕಂಬಿ ಬಿಟ್ಟು ಅದನ್ನು ಸರಿಮಾಡಿಕೊಳ್ಳಲಿಲ್ಲ. ರಸ್ತೆ ಮುಗಿಯುವವರೆಗೂ, "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ," ಎನ್ನುತ್ತಲೇ ಇದ್ದಳು.